ಒರೆಸುವ ಕೆಲಸ

ಮಕ್ಕಳ ಆತ್ಮಹತ್ಯೆ ತಡೆಯುವುದು ಹೇಗೆಂದು ನಮ್ಮ ಶಾಲೆಯ ಸಿಬ್ಬಂದಿಗೆ ಒಂದೇ ದಿನದಲ್ಲಿ ಕಲಿಸಿಬಿಡುವುದೆಂದು ತೀರ್ಮಾನವಾಗಿತ್ತು. ಹತ್ತರಿಂದ ನಾಲ್ಕು. ನಡುವೆ ಎರಡು ಸಲ ಟೀ, ಒಂದು ಊಟ.

ಅವತ್ತು ಬೆಳಗ್ಗೆ ಏಳಕ್ಕೇ ದೊಡ್ಡಮ್ಮ ಕುರ್ಚಿ ಹೊರುತ್ತಿದ್ದರು. ಕೆಳಗಿನ ಉಗ್ರಾಣದಿಂದ ಮೂರನೇ ಮಹಡಿಯ ಸಭಾಂಗಣಕ್ಕೆ ಐವತ್ತು ಕಬ್ಬಿಣದ ಕುರ್ಚಿ. ಒಂದು ಸಲಕ್ಕೆ ಎರಡು. ಇಪ್ಪತ್ತೈದು ಸಲ ಹತ್ತಬೇಕು, ಇಪ್ಪತ್ತೈದು ಸಲ ಇಳಿಯಬೇಕು. ಮೆಟ್ಟಿಲು ಅರವತ್ತಾರು. ಲಿಫ್ಟ್ ಇದೆ, ಅದು ಅತಿಥಿಗಳಿಗೆ. ಅರ್ಧದಷ್ಟು ಕುರ್ಚಿ ನಾನು ಹೊತ್ತೆ. ನನಗೆ ಮೂವತ್ತಾರು ವಯಸ್ಸು, ಮಂಡಿ ನಡುಗಿತು. ದೊಡ್ಡಮ್ಮನಿಗೆ ಐವತ್ತೆಂಟು. ಅವರ ಮಂಡಿಯ ಮಾತು ಯಾರೂ ಎತ್ತಲಿಲ್ಲ.

ದೊಡ್ಡಮ್ಮ ನಮ್ಮ ಶಾಲೆಯ ಶೌಚಾಲಯ ತೊಳೆಯುವವರು. ಹೆಸರು ಮಕ್ಕಳು ಇಟ್ಟದ್ದು. ಮೇಷ್ಟ್ರುಗಳು ಕರೆಯುವುದು 'ಏ ಇವಳೇ' ಎಂದು. ನಾನು ರಸಾಯನಶಾಸ್ತ್ರದ ಲ್ಯಾಬಿನ ಸಹಾಯಕಿ. ಬಿಎಸ್ಸಿ, ಪ್ರಥಮ ದರ್ಜೆ, ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ. ಶಾಲೆಯ ಭಾಷೆಯಲ್ಲಿ ನಾವಿಬ್ಬರೂ ಬೋಧಕೇತರರು. ಅಂದರೆ, ಬೋಧಕರು ಅಲ್ಲ ಎನ್ನುವುದನ್ನು ಬಿಟ್ಟರೆ ನಮ್ಮ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಮೇಲಿನ ಕಚೇರಿಯಿಂದ ಬಂದ ಸುತ್ತೋಲೆಯನ್ನು ನಾನು ಓದಿದ್ದೆ. 'ಬೋಧಕ, ಬೋಧಕೇತರ ಎಲ್ಲ ಸಿಬ್ಬಂದಿಗೂ ಕಡ್ಡಾಯ' ಎಂದು ದಪ್ಪಕ್ಷರದಲ್ಲಿತ್ತು. ಪ್ರಿನ್ಸಿಪಾಲನೂ ಓದಿದ್ದ. ಹಾಗಾಗಿ ಎಂಟೂವರೆಗೆ ನಮ್ಮನ್ನು ಆಫೀಸಿಗೆ ಕರೆದು, ಬೆಳಗಿನ ಅಧಿವೇಶನಕ್ಕೊಂದು, ಮಧ್ಯಾಹ್ನದ್ದಕ್ಕೊಂದು ಸಹಿ ಹಾಕಿಸಿಕೊಂಡ. ತರಬೇತಿ ಶುರುವಾಗುವ ಮೊದಲೇ ನಾವು ತರಬೇತಿ ಮುಗಿಸಿದ್ದೆವು.

ದೊಡ್ಡಮ್ಮ ಸಹಿ ಹಾಕಿ ಪೆನ್ನು ಕೆಳಗಿಡಲಿಲ್ಲ.

"ಸಾರ್, ನಾನೂ ಕೂತ್ಕೊಳ್ಳಲಾ? ಹಿಂದೆ, ಬಾಗ್ಲ ಹತ್ರ. ಒಂದು ವಿಷ್ಯ ಕೇಳೋದಿತ್ತು."

"ನೀನು ಕೂತ್ರೆ ಟೀ ಯಾರಮ್ಮ ಕೊಡ್ತಾರೆ? ನಾನಾ?"

ಗುಮಾಸ್ತ ನಕ್ಕ. ಪ್ರಿನ್ಸಿಪಾಲ ತನ್ನ ಜೋಕಿಗೆ ತಾನೂ ಸ್ವಲ್ಪ ನಕ್ಕ. ಆಮೇಲೆ ಮುಖ ಗಂಟಿಕ್ಕಿ, "ಎರಡನೇ ಮಹಡಿ ಹುಡುಗೀರ ಟಾಯ್ಲೆಟ್‌ನಲ್ಲಿ ಬಾಗ್ಲ ಮೇಲೆ ಏನೋ ಗೀಚಿದ್ದಾರಂತೆ. ಅತಿಥಿಗಳು ಶಾಲೆ ಸುತ್ತು ಹಾಕ್ತಾರೆ. ಅಷ್ಟರಲ್ಲಿ ಒರ್ಸಿರ್ಬೇಕು," ಅಂದ. ನನ್ನ ಕಡೆ ತಿರುಗಿ, "ನೀವು ಸ್ಪಿರಿಟ್ ಕೊಡಿ ಇವಳಿಗೆ," ಅಂದ.

ಈ ಒರೆಸುವ ಕೆಲಸದ ಬಗ್ಗೆ ಹೇಳಬೇಕು. ನಮ್ಮ ಶಾಲೆಯ ಹೆಮ್ಮೆಯೇ ಅದು. ಪ್ರತಿ ಶುಕ್ರವಾರ ಮಧ್ಯಾಹ್ನ ದೊಡ್ಡಮ್ಮ ಲ್ಯಾಬಿಗೆ ಬರುತ್ತಾರೆ. ನಾನು ಕಂದು ಬಾಟಲಿಯಲ್ಲಿ ನೂರು ಎಂಎಲ್ ಸ್ಪಿರಿಟ್ ಅಳೆದು ಕೊಡುತ್ತೇನೆ. ಅವರು ಇಪ್ಪತ್ತೆರಡು ಬಾಗಿಲುಗಳ ಒಳಮೈ ಉಜ್ಜುತ್ತಾರೆ. ಮಾರ್ಕರ್ ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗುತ್ತದೆ, ಬಟ್ಟೆಗೆ ಬರುತ್ತದೆ, ಅಂಗೈಗೂ ಬರುತ್ತದೆ. ಸ್ಪಿರಿಟ್ ಚರ್ಮದ ಎಣ್ಣೆಯನ್ನು ಎಳೆದುಬಿಡುತ್ತದೆ. ದೊಡ್ಡಮ್ಮನ ಬೆರಳಿನ ಸಂದುಗಳು ಬಿರಿದಿವೆ, ಬಿರುಕಿನೊಳಗೆ ಶಾಯಿ ಕೂತಿದೆ. ಕೈಗವಸು ಕೊಡಿ ಎಂದು ನಾಲ್ಕು ಸಲ ಬರೆದು ಕೊಟ್ಟಿದ್ದೇನೆ. 'ನಮ್ಮ ಶಾಲೆಯ ಗೋಡೆಯ ಮೇಲೆ ಒಂದು ಗೀಚೂ ಕಾಣಲ್ಲ' ಎಂದು ಪ್ರಿನ್ಸಿಪಾಲ ಪೋಷಕರ ಸಭೆಯಲ್ಲಿ ಹೇಳುತ್ತಾನೆ. ಬಾಗಿಲು ಹೊಳೆಯುತ್ತಿದ್ದರೆ ಮಕ್ಕಳೂ ಚೆನ್ನಾಗಿದ್ದಾರೆಂದೇ ಅರ್ಥ. ಇದು ಅವನ ವಿಜ್ಞಾನ.

ಆದರೆ ಒರೆಸುವವರು ಮೊದಲು ಓದುತ್ತಾರೆ. ಅದು ಅವನಿಗೆ ಹೊಳೆದಿರಲಿಲ್ಲ. ಶೌಚಾಲಯ ತೊಳೆಯುವವರಿಗೆ ಓದಲು ಬರುತ್ತದೆ ಎನ್ನುವುದೇ ಹೊಳೆದಿರಲಿಲ್ಲ.

ಹೋದ ವರ್ಷ ಹುಡುಗರ ಶೌಚಾಲಯದಲ್ಲಿ ದೊಡ್ಡಮ್ಮ ಒಂದು ಸಾಲು ಓದಿದರು. ಯಾರು ಬರೆದದ್ದೆಂದೂ ಪತ್ತೆ ಹಚ್ಚಿದರು. ಹನ್ನೊಂದನೇ ತರಗತಿಯ ಹುಡುಗ. ದಿನಾ ಊಟದ ಡಬ್ಬಿಯನ್ನು ಹಾಗೇ ಕಸದ ಬುಟ್ಟಿಗೆ ಸುರಿಯುತ್ತಿದ್ದವನು. ಬುಟ್ಟಿ ಖಾಲಿ ಮಾಡುವವರಿಗೆ ಅದೂ ಗೊತ್ತಾಗುತ್ತದೆ. ಸೀದಾ ಹೋಗಿ ಪ್ರಿನ್ಸಿಪಾಲನಿಗೆ ಹೇಳಿದರು. ಅವನು "ಒರೆಸು" ಅಂದ. ಹುಡುಗನ ಅಪ್ಪನನ್ನು ಕರೆಸಿದ. ಒಂದು ವಾರದಲ್ಲಿ 'ಪೋಷಕರ ಕೋರಿಕೆಯ ಮೇರೆಗೆ' ಎಂದು ವರ್ಗಾವಣೆ ಪತ್ರ ಕೊಟ್ಟು ಕಳಿಸಿದ. ಹತ್ತೊಂಬತ್ತು ದಿನಕ್ಕೆ ಆ ಹುಡುಗ ತೀರಿಹೋದ. ಶಾಲೆಯಲ್ಲಿ ಒಂದು ನಿಮಿಷದ ಮೌನವೂ ಆಗಲಿಲ್ಲ. ಯಾಕೆಂದರೆ ಅವನು ನಮ್ಮ ವಿದ್ಯಾರ್ಥಿ ಅಲ್ಲ. ವಾರ್ಷಿಕ ವರದಿಯಲ್ಲಿ 'ಅಹಿತಕರ ಘಟನೆಗಳು' ಎಂಬ ಸಾಲಿನ ಮುಂದೆ 'ಇಲ್ಲ' ಎಂದು ಬರೆದರು.

ಆ ಸಾಲನ್ನು ಒರೆಸಲು ಸ್ಪಿರಿಟ್ ಅಳೆದು ಕೊಟ್ಟವಳು ನಾನೇ. ನೂರು ಎಂಎಲ್. ಅಳತೆಯಲ್ಲಿ ನನಗೆ ತಪ್ಪಾಗುವುದಿಲ್ಲ.

ಹಾಗಾಗಿ ದೊಡ್ಡಮ್ಮ ಏನು ಕೇಳಬೇಕೆಂದಿದ್ದರು ಎನ್ನುವುದು ನನಗೆ ಗೊತ್ತಿತ್ತು. ಮೆಟ್ಟಿಲ ಮೇಲೆ ಕುರ್ಚಿ ಇಳಿಸಿ ಉಸಿರು ತೆಗೆದುಕೊಳ್ಳುತ್ತ ನನ್ನನ್ನೇ ಕೇಳಿದ್ದರು.

"ನಾನು ಹೇಳಿದ್ದೇ ತಪ್ಪಾಯ್ತೇನಮ್ಮ? ಹೇಳ್ದೆ ಇದ್ದಿದ್ರೆ ಆ ಮಗು ಇಲ್ಲೇ ಇರ್ತಿತ್ತೇನೋ. ಯಾರಿಗೆ ಹೇಳ್ಬೇಕು, ಹೆಂಗೆ ಹೇಳ್ಬೇಕು, ಅದನ್ನ ಇವತ್ತು ಹೇಳ್ಕೊಡ್ತಾರಂತಲ್ಲ. ಯಾಕಂದ್ರೆ ಈಗ ಮತ್ತೊಂದು ಬಂದಿದೆ."

ಎರಡನೇ ಮಹಡಿ, ಮೂರನೇ ಬಾಗಿಲು. ನಾನು ಆಗಲೇ ಹೋಗಿ ನೋಡಿದ್ದೆ. ಸಣ್ಣ, ನೀಟಾದ ಅಕ್ಷರ. 'ಪರೀಕ್ಷೆ ಹೊತ್ತಿಗೆ ನಾನಿರಲ್ಲ. ಇಲ್ಲ ಅಂತ ಯಾರಿಗಾದ್ರೂ ಗೊತ್ತಾಗುತ್ತಾ ನೋಡ್ಬೇಕು.'

ಆ ಅಕ್ಷರ ನನಗೆ ಗೊತ್ತು. ಹನ್ನೆರಡನೇ ತರಗತಿಯ ಆ ಹುಡುಗಿಯ ಲ್ಯಾಬ್ ರೆಕಾರ್ಡಿನಲ್ಲಿ ವರ್ಷವಿಡೀ ನೋಡಿದ್ದೇನೆ. ಸೊನ್ನೆಯನ್ನು ಕೆಳಗಿನಿಂದ ಬರೆಯುವವಳು. ತೊಳೆದ ಬೀಕರನ್ನು ಮತ್ತೊಮ್ಮೆ ತೊಳೆಯುವವಳು. ಎರಡು ತಿಂಗಳ ಹಿಂದೆ ಸೂಚನಾ ಫಲಕದಲ್ಲಿ 'ಫಲಿತಾಂಶಕ್ಕೆ ಅಪಾಯ ತರಬಹುದಾದವರು' ಎಂಬ ಪಟ್ಟಿ ಫೋಟೋ ಸಮೇತ ಬಿತ್ತು. ಹದಿನಾಲ್ಕು ಮುಖ. ಅವಳದ್ದೂ ಇತ್ತು. ಬರೆದವಳು ಯಾರೆಂದು ದೊಡ್ಡಮ್ಮನಿಗೂ ಹೇಳಿದ್ದೆ.

"ಸ್ಪಿರಿಟ್ ಖಾಲಿಯಾಗಿದೆ ಸಾರ್," ಎಂದೆ ನಾನು ಆಫೀಸಿನಲ್ಲಿ ಪ್ರಿನ್ಸಿಪಾಲನಿಗೆ. ಎರಡು ಲೀಟರಿನ ಕ್ಯಾನು ತುಂಬಿತ್ತು. ನೇರವಾಗಿ 'ಕೊಡಲ್ಲ' ಎನ್ನುವಷ್ಟು ಬೆನ್ನೆಲುಬು ನನಗೆ ಆಗ ಇರಲಿಲ್ಲ.

"ಬ್ಲೇಡ್‌ನಲ್ಲಿ ಕೆರೀಲಿ," ಅಂದ ಅವನು.

ಹತ್ತು ಗಂಟೆಗೆ ತರಬೇತುದಾರ ಲಿಫ್ಟಿನಲ್ಲಿ ಬಂದ. ಕೆನ್ನೆಗೆ ಅಂಟಿದ ಮೈಕು, ಎದೆಯ ಮೇಲೆ ನಗುವ ಮುಖದ ಬಿಲ್ಲೆ. ಶಾಲೆಯ ನಲವತ್ತೊಂದು ಮೇಷ್ಟ್ರು-ಟೀಚರುಗಳೂ ಸಭಾಂಗಣದಲ್ಲಿ. ಕೆಳಗೆ ತರಗತಿಗಳಲ್ಲಿ ಏಳುನೂರು ಮಕ್ಕಳು, ಮಾನಿಟರುಗಳ ಕೈಯಲ್ಲಿ. ಮಕ್ಕಳನ್ನು ಕಾಯುವುದು ಹೇಗೆಂದು ಕಲಿಯಲು, ಕಾಯುವವರೆಲ್ಲ ಮಕ್ಕಳನ್ನು ಬಿಟ್ಟು ಮೂರನೇ ಮಹಡಿ ಸೇರಿದ್ದರು. ನಾನು ಪ್ರೊಜೆಕ್ಟರ್ ಒತ್ತುವವಳಾಗಿ ಮೂಲೆಯಲ್ಲಿ ನಿಂತಿದ್ದೆ.

ಮೊದಲು ಬಲೂನು. ಐವತ್ತು ಬಲೂನು ಊದಿದವರು ದೊಡ್ಡಮ್ಮ. ಕುರ್ಚಿ ಹೊತ್ತು ಮುಗಿಸಿ ಬಂದ ಎದೆಯಿಂದ. ಎಲ್ಲರೂ ಬಲೂನಿನ ಮೇಲೆ 'ಒತ್ತಡ' ಎಂದು ಬರೆದು, 'ಒತ್ತಡವೇ ತೊಲಗು' ಎಂದು ಕೂಗಿ, ಪಿನ್ನು ಚುಚ್ಚಿ ಒಡೆದರು. ಗಣಿತದ ಮೇಷ್ಟ್ರು ಪಕ್ಕದವರ ಕಿವಿಯ ಹತ್ತಿರ ಒಡೆದು ಚಪ್ಪಾಳೆ ಗಿಟ್ಟಿಸಿದರು. ದೊಡ್ಡಮ್ಮ ಬಗ್ಗಿ ರಬ್ಬರಿನ ಚೂರುಗಳನ್ನು ಆಯ್ದರು. ಒಬ್ಬ ಟೀಚರ್ ಕಾಲೆತ್ತಿ ಜಾಗ ಕೊಟ್ಟರು, ಮಾತು ನಿಲ್ಲಿಸದೆ.

ಆಮೇಲೆ ನಟನೆ. ಗಣಿತದ ಮೇಷ್ಟ್ರು ದುಃಖಿ ವಿದ್ಯಾರ್ಥಿ. ತಲೆಯ ಮೇಲೆ ಕೈಹೊತ್ತು ಮೂಗೆಳೆದರು. ಇತಿಹಾಸದ ಟೀಚರ್ ಅವರನ್ನು ಮಾತಾಡಿಸಬೇಕು.

"ನೇರವಾಗಿ ಕೇಳಿ," ಅಂದ ತರಬೇತುದಾರ. "ಸಾಯುವ ಯೋಚನೆ ಬಂದಿದೆಯಾ ಅಂತ ಕೇಳಿ. ಕೇಳಿದ್ರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ಸುಳ್ಳು. ಕೇಳಿದ್ರೆ ಹಗುರ ಆಗುತ್ತೆ."

ಇದು ನಿಜವಾದ ಮಾತು. ದಿನವಿಡೀ ಆ ಕೋಣೆಯಲ್ಲಿ ಬಿದ್ದ ಚಿನ್ನದಂಥ ಮಾತು. ಯಾರೂ ಎತ್ತಿಕೊಳ್ಳಲಿಲ್ಲ.

"ನಿಂಗೆ... ಏನಾದ್ರೂ... ಆ ಥರ..." ಇತಿಹಾಸದ ಟೀಚರ್ ತಡವರಿಸಿದರು. "ಅಯ್ಯೋ, ಬಾಯಲ್ಲಿ ಬರಲ್ಲಪ್ಪ ನಂಗೆ!"

"ಹೋಮ್‌ವರ್ಕ್ ಮಾಡ್ದೆ ಇದ್ರೆ ಸಾಯ್ಸೇ ಬಿಡ್ತೀನಿ ಅಂತ ಹೇಳೋವಾಗ ಮಾತ್ರ ಬರುತ್ತಲ್ಲ ಮೇಡಂ," ಅಂತ ಹಿಂದಿನಿಂದ ಯಾರೋ ಹೇಳಿದರು. ಕೋಣೆ ಗೊಳ್ಳೆಂದಿತು. ತರಬೇತುದಾರನೂ ನಕ್ಕ.

ದೊಡ್ಡಮ್ಮ ಟೀ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ಕೈ ಎತ್ತಿದರು. ತರಗತಿಯಲ್ಲಿ ಮಕ್ಕಳು ಎತ್ತುವ ಹಾಗೆ, ಮೊಣಕೈ ನೆಟ್ಟಗೆ.

"ಸಾರ್, ಕೇಳಿದ್ಮೇಲೆ ಹೌದು ಅಂದ್ರೆ ಏನು ಮಾಡ್ಬೇಕು? ದೊಡ್ಡೋರಿಗೆ ಹೇಳ್ತೀವಿ. ದೊಡ್ಡೋರು ಮಗೂನೇ ಹೊರಗೆ ಹಾಕಿದ್ರೆ?"

ನಗು ನಿಂತಿತು. ತರಬೇತುದಾರ ಪ್ರಿನ್ಸಿಪಾಲನ ಮುಖ ನೋಡಿದ.

"ಟೀ ಆರ್ತಿದೆ ನೋಡಮ್ಮ," ಅಂದ ಪ್ರಿನ್ಸಿಪಾಲ.

"ಒಳ್ಳೆ ಪ್ರಶ್ನೆ," ಅಂದ ತರಬೇತುದಾರ. "ಪ್ರಶ್ನೆಗಳನ್ನ ಒಂದು ಚೀಟೀಲಿ ಬರೆದಿಡಿ. ಕೊನೇಲಿ ಹತ್ತು ನಿಮಿಷ ಇಟ್ಟಿದೀವಿ."

ದೊಡ್ಡಮ್ಮ ಕೈ ಇಳಿಸಿದರು. ಟೀ ಕೊಟ್ಟರು, ನಲವತ್ತಮೂರು ಲೋಟ. ಖಾಲಿ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, "ಕೊನೇವರೆಗೂ ಯಾರು ಕಾಯ್ತಾರಮ್ಮ. ಅವಳು ಮೂರನೇ ಪೀರಿಯಡ್‌ಗೆ ಅಲ್ಲಿಗೆ ಬರ್ತಾಳೆ," ಎಂದು ಮೆಟ್ಟಿಲಿಳಿದು ಹೋದರು.

ಮುಂದಿನ ಚಿತ್ರಕ್ಕೆ ಬಟನ್ ಒತ್ತಬೇಕಿತ್ತು. ಪರದೆಯ ಮೇಲೆ ಎರಡು ಕೈಗಳ ನಡುವೆ ಒಂದು ಸಸಿ. ರಿಮೋಟನ್ನು ಗಣಿತದ ಮೇಷ್ಟ್ರ ಮಡಿಲಿಗೆ ಹಾಕಿ ನಾನೂ ಇಳಿದೆ.

ಎರಡನೇ ಮಹಡಿಯ ಶೌಚಾಲಯದಲ್ಲಿ ಮೂರನೇ ಬಾಗಿಲು ಒಳಗಿನಿಂದ ಹಾಕಿತ್ತು. ದೊಡ್ಡಮ್ಮ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಬಾಗಿಲಿಗೆ ಬೆನ್ನು ಆನಿಸಿ. ನನ್ನನ್ನು ನೋಡಿ ಬಾಯಿಗೆ ಬೆರಳಿಟ್ಟರು.

"ಫಿನಾಯಿಲ್ ವಾಸ್ನೆಗೆ ನಂಗೇ ತಲೆ ತಿರುಗುತ್ತೆ," ಎಂದರು ಬಾಗಿಲಿಗೆ. "ನೀನು ದಿನಾ ಒಂದೊಂದು ಪೀರಿಯಡ್ಡು ಹೆಂಗೆ ಕೂತಿರ್ತೀಯೇ ತಾಯಿ?"

ದೊಡ್ಡಮ್ಮ ಬೆರಳಿನಿಂದ ಬಾಗಿಲನ್ನು ಮೆಲ್ಲಗೆ ತಟ್ಟಿದರು.

"ಸಾಯ್ಬೇಕು ಅನ್ನಿಸ್ತಿದೆಯಾ?"

ಅಷ್ಟೇ. ಹಸಿವಾಗ್ತಿದೆಯಾ ಎಂದು ಕೇಳುವ ದನಿಯಲ್ಲಿ. ಒಳಗೆ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು.

"ನಾನು ಬೈಯಲ್ಲ. ಬಾಯಿ ಬಡ್ಕೊಳ್ಳಲ್ಲ. ಇಲ್ಲೇ ಕೂತಿದೀನಿ, ಎಲ್ಲಿಗೂ ಹೋಗಲ್ಲ."

"...ಹೂಂ."

"ಇವತ್ತೇನಾ?"

"ಗೊತ್ತಿಲ್ಲ. ನಿಮ್ಗೆ ಹೇಗೆ ಗೊತ್ತಾಯ್ತು?"

"ಬಾಗ್ಲು ಒರ್ಸೋಳು ನಾನೇ ಅಲ್ವೇನೇ."

"ಮತ್ತೆ ಯಾಕೆ ಒರ್ಸಿಲ್ಲ? ಶುಕ್ರವಾರ ಆಗಿ ಐದು ದಿನ ಆಯ್ತು. ದಿನಾ ಬಂದು ನೋಡ್ತಿದ್ದೆ. ಒರ್ಸಿಬಿಡ್ತಾರೆ, ಮುಗೀತು ಅನ್ಕೊಂಡಿದ್ದೆ."

"ಬರ್ದೋರು ಸಿಗ್ದೆ ಒರ್ಸಲ್ಲ ಅಂತ ಬಿಟ್ಟಿದ್ದೆ. ಏನಾಯ್ತು ಹೇಳು ಮಗಾ."

"ಏನಾಯ್ತು ಅಂತ ಕೇಳ್ಬೇಡಿ. ಏನೂ ಆಗ್ಲಿಲ್ಲ. ದಿನಾ ಆಗ್ತಾ ಇದೆ."

ದೊಡ್ಡಮ್ಮ ಸಮಾಧಾನ ಹೇಳಲಿಲ್ಲ. ಬದುಕು ದೊಡ್ಡದು, ಅಪ್ಪ ಅಮ್ಮನ ನೆನೆಸ್ಕೋ, ಯಾವುದನ್ನೂ ಹೇಳಲಿಲ್ಲ. ಕೂತರು. ಇಪ್ಪತ್ತು ನಿಮಿಷ ಕೂತರು. ಮಧ್ಯೆ ಒಮ್ಮೆ, "ನಂಗೆ ಸೊಂಟ ಹಿಡ್ಕೊಳ್ತು ಕಣೇ, ಇಪ್ಪತ್ತೈದು ಕುರ್ಚಿ ಹೊತ್ತಿದೀನಿ ಬೆಳಿಗ್ಗೆ. ಏಳಕ್ಕೆ ಕೈ ಕೊಡೋರು ಬೇಕು," ಎಂದರು. ಚಿಲಕ ತೆಗೆದ ಸದ್ದಾಯಿತು. ಹುಡುಗಿ ಹೊರಬಂದು ಕೈ ಕೊಟ್ಟಳು. ದೊಡ್ಡಮ್ಮ ಎದ್ದರು. ಆ ಕೈಯನ್ನು ಮತ್ತೆ ಬಿಡಲಿಲ್ಲ.

ನಾನು ಅವಳ ಅಮ್ಮನಿಗೆ ಫೋನು ಮಾಡಿದೆ. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಹೆಂಗಸು. ಆ ಕಡೆ ಹಬೆಯ ಸದ್ದು. "ಮಗಳು ಕ್ಷೇಮ. ನಮ್ಮ ಜೊತೆಗಿದ್ದಾಳೆ. ನೀವು ಈಗಲೇ ಬನ್ನಿ," ಎಂದಷ್ಟೇ ಹೇಳಿದೆ. ಆಮೇಲೆ ಮೂರನೇ ಮಹಡಿಗೆ ಹೋಗಿ ತರಬೇತುದಾರನನ್ನು ಹೊರಗೆ ಕರೆದು ವಿಷಯ ತಿಳಿಸಿದೆ. ಅವನ ಮುಖ ಬಿಳಿಚಿತು. ಇಪ್ಪತ್ತಾರು ಶಾಲೆಯಲ್ಲಿ ತರಬೇತಿ ಕೊಟ್ಟವನು, ನಿಜವಾದ ಮಗು ಎದುರಾದದ್ದು ಅದೇ ಮೊದಲು ಅಂತ ಕಾಣುತ್ತದೆ. ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದ ವಿಳಾಸವಿದ್ದ ಹಾಳೆಯನ್ನು ಕೊಟ್ಟ. "ನಿಯಮದ ಪ್ರಕಾರ ಮುಖ್ಯಸ್ಥರಿಗೆ ತಿಳಿಸ್ಬೇಕು," ಅಂದ. ತಿಳಿಸಿಯೂ ಬಿಟ್ಟ. ಆಮೇಲೆ ಸಸಿಯ ಚಿತ್ರಕ್ಕೆ ಮರಳಿದ.

ಅಮ್ಮ ಬರುವಷ್ಟರಲ್ಲಿ ಪ್ರಿನ್ಸಿಪಾಲನ ಕೋಣೆಯಲ್ಲಿ ಕಾಗದ ಸಿದ್ಧವಾಗಿತ್ತು. ಪೋಷಕರ ಕೋರಿಕೆಯ ಪತ್ರ. ಹೆಸರು, ತಾರೀಕು ಎಲ್ಲ ಟೈಪಾಗಿತ್ತು. ಪೋಷಕರಿಗೆ ಉಳಿದದ್ದು ಕೋರುವುದೊಂದೇ.

ಹುಡುಗಿ ಅತಿಥಿಗಳ ಸೋಫಾದಲ್ಲಿ ಕೂತಿದ್ದಳು. ಅವಳ ಕೈ ಹಿಡಿದು ಪಕ್ಕದಲ್ಲಿ ದೊಡ್ಡಮ್ಮ. ಇಪ್ಪತ್ತು ವರ್ಷ ಆ ಸೋಫಾದ ಧೂಳು ಹೊಡೆದವರು ಮೊದಲ ಸಲ ಅದರ ಮೇಲೆ ಕೂತಿದ್ದರು. ಪ್ರಿನ್ಸಿಪಾಲನ ಕಣ್ಣು ಹುಡುಗಿಯ ಮೇಲಿರಲಿಲ್ಲ, ದೊಡ್ಡಮ್ಮನ ಸೀರೆಯ ನೀರಿಗೆ ಒದ್ದೆಯಾಗುತ್ತಿದ್ದ ದಿಂಬಿನ ಮೇಲಿತ್ತು.

"ನೋಡಿ ತಾಯಿ," ಅಂದ ಅಮ್ಮನಿಗೆ. "ಮಗೂಗೆ ಇಲ್ಲಿ ಒತ್ತಡ ಜಾಸ್ತಿ. ಅವಳ ಒಳ್ಳೇದಕ್ಕೇ ಹೇಳ್ತಿದೀನಿ. ಸ್ವಲ್ಪ ದಿನ ಮನೇಲಿರ್ಲಿ. ಬೇರೆ ಶಾಲೆ ನೋಡೋಣ. ಇಲ್ಲೊಂದು ಸೈನ್ ಮಾಡಿ."

ಅಮ್ಮನ ಮುಂಗೈಯಲ್ಲಿ ಇಸ್ತ್ರಿ ಸುಟ್ಟ ಗೆರೆಗಳು. ಪೆನ್ನು ತೆಗೆದುಕೊಂಡರು. ದೊಡ್ಡವರು ಹೇಳಿದ ಕಡೆ ಸಹಿ ಹಾಕಿಯೇ ಬೆಳೆದ ಕೈ ಅದು.

"ಹಾಕ್ಬೇಡಮ್ಮ," ಅಂದರು ದೊಡ್ಡಮ್ಮ.

"ಏಯ್, ನೀನು ಎದ್ದು ಹೊರಗೆ ಹೋಗು. ಮೊದ್ಲು ಆ ಬಾಗ್ಲು ಒರ್ಸು ಹೋಗು."

"ಒರ್ಸಲ್ಲ."

"ಏನಂದೆ?"

"ಒರ್ಸಲ್ಲ ಅಂದೆ. ಇಪ್ಪತ್ತು ವರ್ಷ ಒರ್ಸಿದೀನಿ. ನಿಮ್ಮ ಹೇಲುಚ್ಚೆ ತೊಳ್ದೆ, ಅದಕ್ಕೆ ಬೇಜಾರಿಲ್ಲ, ಅದು ಕೆಲ್ಸ. ಮಕ್ಳನ್ನ ಒರ್ಸೋದು ಕೆಲ್ಸ ಅಲ್ಲ." ಅಮ್ಮನ ಕಡೆ ತಿರುಗಿದರು. "ಹೋದ ವರ್ಷ ಒಬ್ಬ ಹುಡ್ಗನ ಅಪ್ಪ ಇದೇ ಕಾಗದಕ್ಕೆ, ಇದೇ ಮೇಜಿನ ಮೇಲೆ ಸೈನ್ ಮಾಡ್ದ. ಈಗ ಆ ಮಗು ಇಲ್ಲ. ಹೊರಗೆ ಹಾಕಿದ್ರೆ ಇವಳು ದಿನಾ ಒಬ್ಳೇ ಮನೇಲಿರ್ತಾಳೆ. ನೀನು ಲಾಂಡ್ರಿಲಿರ್ತೀಯ. ಯೋಚ್ನೆ ಮಾಡು. ಈಗ ಮೊದ್ಲು ಡಾಕ್ಟ್ರ ಹತ್ರ ಹೋಗಣ, ನಡಿ. ಕಾಗದ ಎಲ್ಲಿಗೂ ಓಡಿ ಹೋಗಲ್ಲ."

"ಸುಳ್ಳು ಹೇಳ್ತಾಳೆ ಇವಳು!" ಪ್ರಿನ್ಸಿಪಾಲ ಮೇಜು ಕುಟ್ಟಿದ. ನನ್ನನ್ನು ನೋಡಿದ. "ನೀವು ಓದಿದೋರು. ನೀವೇ ಹೇಳಿ."

ಹೇಳಿದೆ. ತಾರೀಕು ಹೇಳಿದೆ. ಹತ್ತೊಂಬತ್ತು ದಿನ ಎಂದು ಹೇಳಿದೆ. ಆ ಸಾಲು ಒರೆಸಲು ಸ್ಪಿರಿಟ್ ಕೊಟ್ಟವಳು ನಾನು ಎಂದು ಹೇಳಿದೆ. ಲ್ಯಾಬಿನಲ್ಲಿ ಈಗಲೂ ಎರಡು ಲೀಟರ್ ಇದೆ, ಕೊಡುವುದಿಲ್ಲ ಎಂದೂ ಹೇಳಿದೆ. ನನ್ನ ದನಿ ಚೆನ್ನಾಗಿರಲಿಲ್ಲ. ಕೀರಲಾಗಿತ್ತು.

ಅಮ್ಮ ಪೆನ್ನು ಕೆಳಗಿಟ್ಟರು.

"ಡ್ಯೂಟಿ ಟೈಮಲ್ಲಿ ಗೇಟು ದಾಟಿದ್ರೆ ನಾಳೆಯಿಂದ ಬರೋದು ಬೇಡ," ಅಂದ ಪ್ರಿನ್ಸಿಪಾಲ ದೊಡ್ಡಮ್ಮನಿಗೆ.

"ಬರಲ್ಲ ಬಿಡಪ್ಪ," ಎಂದರು ದೊಡ್ಡಮ್ಮ. ಇಪ್ಪತ್ತು ವರ್ಷದಲ್ಲಿ ಅವನನ್ನು ಏಕವಚನದಲ್ಲಿ ಕರೆದದ್ದು ಅದೊಂದೇ ಸಲ.

ಮೂವರೂ ಗೇಟು ದಾಟಿದರು. ನಡುವೆ ಹುಡುಗಿ, ಒಂದು ಕಡೆ ಬಿರಿದ ಕೈ, ಇನ್ನೊಂದು ಕಡೆ ಸುಟ್ಟ ಕೈ. ಮೇಲಿನಿಂದ ಚಪ್ಪಾಳೆ ಕೇಳಿಸಿತು. ಬೆಳಗಿನ ಅಧಿವೇಶನ ಮುಗಿದು, ಊಟಕ್ಕೆ ಮೊದಲೇ ಪ್ರಮಾಣಪತ್ರ ಹಂಚುತ್ತಿದ್ದರು.

ದೊಡ್ಡಮ್ಮನ ಕೆಲಸ ಹೋಯಿತು. ಇನ್ನೂ ಸಿಕ್ಕಿಲ್ಲ. 'ಅನುಮತಿಯಿಲ್ಲದೆ ವಿದ್ಯಾರ್ಥಿನಿಯನ್ನು ಕರೆದೊಯ್ದದ್ದು' ಎಂದು ಆದೇಶದಲ್ಲಿದೆ. ಅಮ್ಮ ಜೊತೆಗಿದ್ದದ್ದು ಅದರಲ್ಲಿಲ್ಲ. ನನಗೆ ಮೆಮೊ ಬಂತು, ಉತ್ತರ ಬರೆದೆ. ಮೇಲಿನ ಕಚೇರಿಗೂ ಬರೆದೆ, ಆರು ಪುಟ, ಹುಡುಗಿಯ ಹೆಸರಿಲ್ಲದೆ. 'ಸ್ವೀಕರಿಸಲಾಗಿದೆ' ಎಂಬ ಚೀಟಿ ಬಂದಿದೆ. ಬಾಗಿಲನ್ನು ಅವರು ಕೊನೆಗೂ ಕೆರೆಸಿದರು, ಬೇರೆ ಯಾರದೋ ಕೈಯಲ್ಲಿ.

ಆದರೆ ಕೋರಿಕೆ ಇಲ್ಲದೆ ವರ್ಗಾವಣೆ ಪತ್ರ ಕೊಡಲಾಗುವುದಿಲ್ಲ. ಅಮ್ಮ ಕೋರಲಿಲ್ಲ. ಮೂರು ಸಲ ಕರೆಸಿದರು, ಮೂರು ಸಲವೂ ಬಂದು, ಕೂತು, ಕೋರದೆ ಹೋದರು. ಹುಡುಗಿ ಪ್ರತಿ ಗುರುವಾರ ದೊಡ್ಡಮ್ಮನ ಜೊತೆ ಆಸ್ಪತ್ರೆಗೆ ಹೋಗುತ್ತಾಳೆ. ಒಳ್ಳೆಯ ದಿನಗಳಿವೆ. ಕೆಟ್ಟ ದಿನಗಳೂ ಇವೆ. ಕೆಟ್ಟ ದಿನ ಲ್ಯಾಬಿಗೆ ಬಂದು, "ಮಿಸ್, ಇವತ್ತು ಸರಿ ಇಲ್ಲ," ಎನ್ನುತ್ತಾಳೆ. ನಾನು ಸ್ಟೂಲು ಎಳೆದು ಕೊಡುತ್ತೇನೆ.

ಮೊನ್ನೆ, ತಪ್ಪಿಹೋಗಿದ್ದ ಪ್ರಯೋಗವೊಂದನ್ನು ಮಾಡಲು ಬಂದಳು. ಬ್ಯುರೆಟ್‌ನ ಉದ್ದ ಗಾಜಿನ ನಳಿಗೆಯಲ್ಲಿ ನೇರಳೆ ಪರ್ಮ್ಯಾಂಗನೇಟು, ಕೆಳಗೆ ಫ್ಲಾಸ್ಕಿನಲ್ಲಿ ಬಣ್ಣವಿಲ್ಲದ ದ್ರಾವಣ. ಹನಿ ಬೀಳುತ್ತದೆ, ಬಣ್ಣ ಬರುತ್ತದೆ, ಅಲ್ಲಾಡಿಸಿದರೆ ಹೋಗುತ್ತದೆ. ಮತ್ತೊಂದು ಹನಿ. ಎಷ್ಟು ಅಲ್ಲಾಡಿಸಿದರೂ ತಿಳಿಗುಲಾಬಿ ಹೋಗದೆ ಉಳಿಯುವ ಒಂದು ಹನಿ ಬರುತ್ತದೆ. ಅಲ್ಲಿ ನಿಲ್ಲಿಸಬೇಕು. ಕಣ್ಣು ತೆಗೆದರೆ ತಪ್ಪಿಹೋಗುತ್ತದೆ.

ಪ್ರಿನ್ಸಿಪಾಲ ಯಾರೋ ಗಣ್ಯರಿಗೆ ಲ್ಯಾಬ್ ತೋರಿಸಲು ಬಂದ. ಅವಳನ್ನು ನೋಡಿ ಬಾಗಿಲಲ್ಲೇ ನಿಂತ.

"ಇವಳೊಬ್ಳೇ ಏನು ಮಾಡ್ತಿದ್ದಾಳೆ ಇಲ್ಲಿ? ಏಯ್ ಹುಡುಗಿ, ಹೊರಗೆ ಬಾ. ಅತಿಥಿಗಳು ಬಂದಿದ್ದಾರೆ, ಕಾಣಲ್ವಾ?"

ಅವಳು ತಿರುಗಲಿಲ್ಲ. ಎಡಗೈ ನಳಿಗೆಯ ಕೊಳಾಯಿಯ ಮೇಲೆ, ಬಲಗೈಯಲ್ಲಿ ಫ್ಲಾಸ್ಕು ತಿರುಗುತ್ತಿತ್ತು.

"ಒಂದ್ನಿಮಿಷ ಇರಿ ಸಾರ್," ಅಂದಳು. "ಇನ್ನೊಂದೇ ಹನಿ."

ಅವನು ನನ್ನನ್ನು ನೋಡಿದ. ನಾನು ಫ್ಲಾಸ್ಕನ್ನು ನೋಡುತ್ತಿದ್ದೆ. ಗಣ್ಯರು ಕೆಮ್ಮಿದರು. ಅವನು ಕಾದ.